ಅಕ್ಕನ ಮನೆಗೆ ಎಷ್ಟು ಕಿಲೋಮೀಟರ್?

ನಾನು ನಿವೃತ್ತ ಹೈಸ್ಕೂಲ್ ಟೀಚರ್. ಮನೆ ಕದ್ರಿ ಕಂಬಳದ ಹತ್ತಿರ. ಕಾರು ಬಿಡಲು ಲೈಸೆನ್ಸ್ ಎಂದೋ ತೆಗೆದಿದ್ದೆ, ಆದರೆ ಮನೆಯವರೇ ಬಿಡುತ್ತಿದ್ದರು. ನನಗೆ ಮೊಣಕಾಲು ನೋವು, ಕ್ಲಚ್ ಒತ್ತಲಿಕ್ಕೆ ಆಗುವುದಿಲ್ಲ. ಕದ್ರಿ ದೇವಸ್ಥಾನದ ಏರಿನಲ್ಲಿ ಒಮ್ಮೆ ಗಾಡಿ ಹಿಂದಕ್ಕೆ ಜಾರಿದ ಮೇಲೆ ಸ್ಟೇರಿಂಗ್ ಮುಟ್ಟಿರಲಿಲ್ಲ. ನಿವೃತ್ತಿಯ ಹಣದಲ್ಲಿ ಒಂದಿಷ್ಟು ಹಾಕಿ, ಉಳಿದದ್ದಕ್ಕೆ ಸಾಲ ಮಾಡಿ, ಇಂಗ್ಲೆಂಡಿನಲ್ಲಿರುವ ಮಗನ ಒತ್ತಾಯದಿಂದ ಎಲೆಕ್ಟ್ರಿಕ್ ಕಾರು ತೆಗೆದುಕೊಂಡೆ. ಕ್ಲಚ್ಚೂ ಇಲ್ಲ, ಗೇರೂ ಇಲ್ಲ. ವಾರದಲ್ಲಿ ಮೂರು ನಾಲ್ಕು ದಿನ ಒಬ್ಬಳೇ ಹೊರಡುತ್ತಿದ್ದೆ. ಪುತ್ತೂರಿನಲ್ಲಿ ನನ್ನ ಅಕ್ಕ ಒಬ್ಬರೇ ಇದ್ದಾರೆ, ಅವರನ್ನು ನೋಡಲು ತಿಂಗಳಿಗೆರಡು ಸಲವಾದರೂ ಹೋಗುತ್ತಿದ್ದೆ.

ಮಗ ಫೋನಿನಲ್ಲಿ ಮಾತಾಡುವಾಗ, ಅವರಲ್ಲಿ ಎಲೆಕ್ಟ್ರಿಕ್ ಕಾರಿನವರಿಗೆ ಓಡಿಸಿದ ಮೈಲಿ ಲೆಕ್ಕದಲ್ಲಿ ತೆರಿಗೆ ಬರುತ್ತದೆ ಎಂದ. ಮನೆಯವರು ಅದನ್ನು ಕೇಳಿಸಿಕೊಂಡು, "ನಾಳೆ ಇಲ್ಲಿಗೂ ಬರ್ತದೆ. ಈ ಕಾರು ಬೇಡ ಅಂತ ನಾನು ಆಗಲೇ ಹೇಳಿದ್ದೆ" ಎಂದರು. ಮನೆಯಲ್ಲೇ ಚಾರ್ಜ್ ಮಾಡುವುದರಿಂದ ಗೃಹಜ್ಯೋತಿಯ ಉಚಿತ ಕರೆಂಟೂ ತಪ್ಪಿದೆ, ಅದರ ಸಿಟ್ಟು ಮೊದಲೇ ಇತ್ತು. ಅಂದಿನಿಂದ ಹೊರಡುವಾಗ ಕಾರಿನ ಮೀಟರ್ ನೋಡುತ್ತೇನೆ, ಬಂದ ಮೇಲೂ ನೋಡಿ ಪುಸ್ತಕದಲ್ಲಿ ಬರೆಯುತ್ತೇನೆ. ಮಾರ್ಕೆಟ್ಟಿಗೆ ಹೋದದ್ದು ಇಷ್ಟು, ಬ್ಯಾಂಕಿಗೆ ಇಷ್ಟು ಎಂದು. ದೀಪಾವಳಿಯ ಮೇಲೆ ಪುತ್ತೂರಿಗೆ ಹೋಗಿಲ್ಲ. ಅಕ್ಕ ಫೋನ್ ಮಾಡಿದರೆ ಏನಾದರೊಂದು ನೆಪ ಹೇಳುತ್ತೇನೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ. ಸರಕಾರವೇ ತೆಗೆದುಕೊಳ್ಳಿ ಎಂದದ್ದು, ತೆರಿಗೆಯಿಲ್ಲ ಎಂದದ್ದು. ಹೊಗೆ ಬಿಡದ ಗಾಡಿ ತೆಗೆದುಕೊಂಡವರಿಗೆ ಶಿಕ್ಷೆಯಾ? ಕಾರು ಮಾರಿಬಿಡಲಾ? ನಾನು ಎಂತ ಮಾಡಬೇಕು ಹೇಳಿ.

– ಹೆಸರು ಬೇಡ, ಕದ್ರಿ

ಪ್ರೀತಿಯ ಟೀಚರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ಒಂದು ಮಾತು ಹೇಳಿಬಿಡುತ್ತೇನೆ: ನಿಮಗೆ ಆಗಿರುವ ಬೇಸರ ಸಣ್ಣದಲ್ಲ, ಹುಚ್ಚೂ ಅಲ್ಲ. ಒಂದು ಕೆಲಸವನ್ನು ಒಳ್ಳೆಯದು ಎಂದು ನಂಬಿ, ಕೂಡಿಟ್ಟ ಹಣ ಹಾಕಿ ಮಾಡಿದ್ದೀರಿ. ಈಗ ಅದೇ ಕೆಲಸಕ್ಕೆ ಬಿಲ್ಲು ಬರಬಹುದು ಎಂಬ ಸುದ್ದಿ ಕೇಳಿದಾಗ ಯಾರಿಗಾದರೂ ಮೋಸಹೋದಂತೆ ಅನಿಸುತ್ತದೆ. ಅದೂ ಆ ಸುದ್ದಿ ಮನೆಯೊಳಗಿಂದಲೇ, "ಆಗಲೇ ಹೇಳಿದ್ದೆ" ಎಂಬ ಮಾತಿನ ಜೊತೆ ಬಂದಾಗ. ತೆರಿಗೆಯ ಭಯಕ್ಕಿಂತ ಆ ಮಾತು ನಿಮ್ಮನ್ನು ಹೆಚ್ಚು ಕುಗ್ಗಿಸಿದೆ ಎಂದು ನನಗೆ ಅನಿಸುತ್ತದೆ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ.

ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ನಡೆದದ್ದೂ ನಡೆಯಬಹುದಾದದ್ದೂ ಒಂದರೊಳಗೊಂದು ಸೇರಿಹೋಗುತ್ತವೆ. ಆದ್ದರಿಂದ ಹಗಲು ಹೊತ್ತಿನಲ್ಲಿ ಕೂತು ಅವುಗಳನ್ನು ಬೇರೆ ಬೇರೆ ಮಾಡೋಣ.

ನಾನು ಇದನ್ನು ಬರೆಯುವ ಹೊತ್ತಿಗೆ ಕರ್ನಾಟಕದಲ್ಲಿ ಎಲೆಕ್ಟ್ರಿಕ್ ವಾಹನದವರಿಗೆ ಓಡಿಸಿದ ಕಿಲೋಮೀಟರ್ ಲೆಕ್ಕದ ತೆರಿಗೆ ಇಲ್ಲ. ನೀವು ಪುಸ್ತಕದಲ್ಲಿ ಬರೆದಿಡುತ್ತಿರುವ ಲೆಕ್ಕವನ್ನು ಯಾವ ಕಚೇರಿಯೂ ಕೇಳಿಲ್ಲ. ನಮ್ಮಲ್ಲಿ ಬದಲಾಗಿರುವುದು ಬೇರೆ ತೆರಿಗೆ, ಅಂದರೆ ನೋಂದಣಿಯ ಹೊತ್ತಿಗೆ ಒಮ್ಮೆ ಕಟ್ಟುವ ಜೀವಿತಾವಧಿ ತೆರಿಗೆ. 2017ರಲ್ಲಿ ಎಲೆಕ್ಟ್ರಿಕ್ ವಾಹನಗಳಿಗೆಂದೇ ನೀತಿ ತಂದ ಮೊದಲ ರಾಜ್ಯ ನಮ್ಮದು. ವರ್ಷಗಳ ಕಾಲ ಈ ಗಾಡಿಗಳಿಗೆ ತೆರಿಗೆ ವಿನಾಯಿತಿಯೂ ಇತ್ತು. 2024ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು 25 ಲಕ್ಷ ರೂಪಾಯಿಗಿಂತ ದುಬಾರಿಯಾದ ಎಲೆಕ್ಟ್ರಿಕ್ ಕಾರುಗಳಿಗೆ ಶೇ. 10ರ ತೆರಿಗೆ ಹಾಕಿದರು. ಈ ದರಗಳು ಆಗಾಗ ಬದಲಾಗುತ್ತವೆ. ಹೊಸ ಗಾಡಿ ಕೊಳ್ಳಲು ಹೊರಟ ಬೇರೆ ಓದುಗರು ಆರ್‌ಟಿಒ ಕಚೇರಿಯಲ್ಲಿ ಆ ದಿನದ ದರ ಕೇಳಿಯೇ ಮುಂದುವರಿಯಲಿ. ನಿಮ್ಮದು ಆಗಲೇ ನೋಂದಣಿಯಾದ ಗಾಡಿ.

ಕಿಲೋಮೀಟರ್ ಲೆಕ್ಕ ನಮ್ಮ ದೇಶದಲ್ಲಿ ಕೇಳಿಬಂದದ್ದು ಟೋಲ್ ವಿಷಯದಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರಕಾರ ಹೆದ್ದಾರಿ ಶುಲ್ಕದ ನಿಯಮ ತಿದ್ದಿತು. ಉಪಗ್ರಹದ ಮೂಲಕ ದೂರ ಅಳೆಯುವ ಸಾಧನ ಹಾಕಿಸಿಕೊಂಡ ಗಾಡಿಗಳು ರಾಷ್ಟ್ರೀಯ ಹೆದ್ದಾರಿಯಲ್ಲಿ ದಿನಕ್ಕೆ 20 ಕಿಲೋಮೀಟರ್‌ವರೆಗೆ ಶುಲ್ಕವಿಲ್ಲದೆ ಹೋಗಬಹುದು, ಆಮೇಲೆ ಓಡಿದಷ್ಟಕ್ಕೆ ಕಟ್ಟಬೇಕು ಎಂದಿತು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಪರೀಕ್ಷೆಯೂ ನಡೆಯಿತು. 2025ರ ಏಪ್ರಿಲ್‌ನಲ್ಲಿ, ಮೇ ಒಂದರಿಂದಲೇ ದೇಶದಾದ್ಯಂತ ಇದು ಜಾರಿ ಎಂಬ ಸುದ್ದಿ ಹರಡಿದಾಗ, ಅಂಥ ತೀರ್ಮಾನ ಆಗಿಲ್ಲ ಎಂದು ಸಚಿವಾಲಯವೇ ಹೇಳಬೇಕಾಯಿತು. ಇದು ಬಂದರೂ ಪೆಟ್ರೋಲ್ ಕಾರಿಗೂ ನಿಮ್ಮ ಕಾರಿಗೂ ಒಂದೇ. ಪುತ್ತೂರಿಗೆ ಹೋಗುವಾಗ ಬ್ರಹ್ಮರಕೂಟ್ಲುವಿನ ಟೋಲಿನಲ್ಲಿ ಫಾಸ್ಟ್ಯಾಗ್ ನಿಮ್ಮ ಗಾಡಿ ಯಾವುದರಲ್ಲಿ ಓಡುತ್ತದೆ ಎಂದು ಕೇಳಲಿಲ್ಲ, ಅಲ್ಲವೇ?

ಇನ್ನು ನಿಮ್ಮ ಮಗ ಹೇಳಿದ್ದು. ಅವರು ಸುಳ್ಳು ಹೇಳಿಲ್ಲ. ಬ್ರಿಟನ್ನಿನ 2025ರ ನವೆಂಬರ್ ಬಜೆಟ್ಟಿನಲ್ಲಿ, 2028ರ ಏಪ್ರಿಲ್‌ನಿಂದ ಬ್ಯಾಟರಿ ಕಾರುಗಳಿಗೆ ಮೈಲಿಗೆ 3 ಪೆನ್ಸ್ ಎಂದು ಪ್ರಕಟಿಸಿದ್ದಾರೆ. ನಮ್ಮ ಲೆಕ್ಕದಲ್ಲಿ ಕಿಲೋಮೀಟರಿಗೆ ಎರಡು ರೂಪಾಯಿ ಚಿಲ್ಲರೆ. ಐಸ್‌ಲೆಂಡ್ 2024ರ ಜನವರಿಯಿಂದ ಇಂಥ ಶುಲ್ಕ ತಂದಿತು. ನ್ಯೂಜಿಲೆಂಡಿನಲ್ಲಿ 2024ರ ಏಪ್ರಿಲ್ ಒಂದರಿಂದ ಎಲೆಕ್ಟ್ರಿಕ್ ಕಾರಿನವರು ಸಾವಿರ ಕಿಲೋಮೀಟರಿಗೆ 76 ಡಾಲರಿನಂತೆ ಮುಂಗಡವಾಗಿ ಕೊಳ್ಳಬೇಕಾಯಿತು. ಅಲ್ಲಿ ಡೀಸೆಲ್ ಗಾಡಿಗಳು ಈ ಲೆಕ್ಕದಲ್ಲಿ ಕಟ್ಟುವುದು ಬಹಳ ಹಿಂದಿನಿಂದಲೂ ನಡೆದುಬಂದದ್ದು. ಹಾಗಾಗಿ "ನಾಳೆ ಇಲ್ಲಿಗೂ ಬರ್ತದೆ" ಎಂಬ ನಿಮ್ಮ ಮನೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಬರಬಹುದು. ಬರುವುದೇ ಇಲ್ಲ ಎಂದು ಸಮಾಧಾನ ಹೇಳಿದರೆ ನಿಮಗೆ ಎರಡು ದಿನ ನಿದ್ದೆ ಬಂದೀತು, ಮುಂದಿನ ಸುದ್ದಿಗೆ ಮತ್ತೆ ಕೆಟ್ಟೀತು.

ಯಾಕೆ ಬರಬಹುದು ಎಂಬುದನ್ನು ನೋಡಿದರೆ "ಶಿಕ್ಷೆಯಾ?" ಎಂಬ ನಿಮ್ಮ ಪ್ರಶ್ನೆಗೂ ಉತ್ತರ ಸಿಗುತ್ತದೆ.

ನಿಮ್ಮ ಪಕ್ಕದ ಮನೆಯವರು ಪೆಟ್ರೋಲ್ ಕಾರಿನಲ್ಲಿ ಪುತ್ತೂರಿಗೆ ಹೋಗುತ್ತಾರೆ ಎಂದಿಟ್ಟುಕೊಳ್ಳಿ. ಅವರು ಲೀಟರಿಗೆ ನೂರು ರೂಪಾಯಿ ದಾಟಿ ಕೊಡುವ ಹಣದಲ್ಲಿ, 2025ರ ದರದಂತೆ, ಕೇಂದ್ರದ್ದೂ ರಾಜ್ಯದ್ದೂ ಸೇರಿ ನಲವತ್ತು ರೂಪಾಯಿಗೂ ಹೆಚ್ಚು ತೆರಿಗೆಯೇ ಇರುತ್ತದೆ. ಕೇಂದ್ರದ ಪಾಲಿನಲ್ಲಿ ರಸ್ತೆಗೆಂದೇ ಒಂದು ಸೆಸ್ ಇದೆ. ನಮ್ಮ ರಾಜ್ಯ 2024ರ ಜೂನ್‌ನಲ್ಲಿ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿದ್ದು ನಿಮಗೆ ನೆನಪಿರಬಹುದು, ಆಗ ಬೆಲೆ ಲೀಟರಿಗೆ ಮೂರು ರೂಪಾಯಿ ಹಾರಿತು. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಾದರೆ, 2025ರ ಆ ದರದಲ್ಲಿ ಆ ಮನೆಯವರು ಪ್ರತಿ ಕಿಲೋಮೀಟರಿಗೆ ಮೂರು ರೂಪಾಯಿಯ ಹತ್ತಿರ ತೆರಿಗೆ ಕಟ್ಟುತ್ತಲೇ ಇದ್ದಾರೆ. ಬಂಕಿನಲ್ಲಿ ಬೆಲೆಯ ಜೊತೆ ಕರಗಿಹೋಗುವುದರಿಂದ ಅದು ಅವರ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಬೆಳಿಗ್ಗೆ ಸ್ಕೂಟರಿನಲ್ಲಿ ಮೀನು ತರುವವರೂ ಕಟ್ಟುತ್ತಿದ್ದಾರೆ. ಗಾಡಿಗಳೆಲ್ಲ ಕರೆಂಟಿಗೆ ಹೋದಷ್ಟೂ ಆ ಹಣ ಬತ್ತುತ್ತದೆ. ನಂತೂರಿನ ರಸ್ತೆ ಮಾತ್ರ ಪ್ರತಿ ಮಳೆಗಾಲಕ್ಕೂ ಕಿತ್ತುಹೋಗುತ್ತದೆ, ಅದರ ದುರಸ್ತಿಗೆ ಹಣ ಬೇಕೇ ಬೇಕು.

ನಿಮ್ಮ ಕಾರು ಹೊಗೆ ಬಿಡುವುದಿಲ್ಲ. ಅದು ನಿಮ್ಮ ಹೆಮ್ಮೆ, ಅದನ್ನು ಯಾರೂ ಕಸಿದುಕೊಳ್ಳಲಾರರು. ಆದರೆ ಅದು ಬಳಸುವ ರಸ್ತೆ ಬೇರೆಯವರು ಬಳಸುವ ರಸ್ತೆಯೇ. ಕೆಲವು ವರ್ಷ ಸರಕಾರ ನಿಮ್ಮ ಪಾಲನ್ನು ಬಿಟ್ಟುಕೊಟ್ಟಿದೆ, ಹೊಸ ದಾರಿ ಹಿಡಿದವರಿಗೆ ಕೈಯಾಸರೆಯಾಗಲಿ ಎಂದು. ಮುಂದೊಂದು ದಿನ ಆ ಪಾಲನ್ನು ಕೇಳಿದರೆ ಅದನ್ನು ಶಿಕ್ಷೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ನಲವತ್ತು ಮಕ್ಕಳ ಮುಂದೆ ನಿಂತು ನ್ಯಾಯ ಅನ್ಯಾಯ ತಿದ್ದಿದವರು ನೀವು. ಶಾಂತವಾಗಿ ಕೂತು ಯೋಚಿಸಿದರೆ ನಿಮಗೂ ಹಾಗೇ ಅನಿಸೀತು.

ಹಾಗೆಂದು ಕೇಳಿದಷ್ಟು ಕೊಟ್ಟು ಸುಮ್ಮನಿರಬೇಕು ಎಂದೂ ಅಲ್ಲ. ತೆಗೆದುಕೊಳ್ಳಿ ಎಂದು ಹುರಿದುಂಬಿಸಿ ಆಮೇಲೆ ನಿಯಮ ಬದಲಿಸಿದಾಗ ಬರುವ ಸಿಟ್ಟಿಗೆ ನ್ಯಾಯವಿದೆ. ಮೊದಲೇ ತಿಳಿಸಬೇಕು, ಸ್ವಲ್ಪ ಸ್ವಲ್ಪವಾಗಿ ತರಬೇಕು, ಎರಡು ಟನ್ನಿನ ದೊಡ್ಡ ಗಾಡಿಗೂ ನಿಮ್ಮ ಸಣ್ಣ ಕಾರಿಗೂ ಒಂದೇ ದರ ಇರಬಾರದು, ಬಸ್ಸಿಲ್ಲದ ಊರಿನವರಿಗೂ ದಿನವಿಡೀ ದುಡಿಯುವ ಎಲೆಕ್ಟ್ರಿಕ್ ಆಟೋದವರಿಗೂ ರಿಯಾಯಿತಿ ಇರಬೇಕು. ನಾನು ಎಲ್ಲಿಗೆ ಹೋದೆ ಎಂಬುದನ್ನು ಯಾರೂ ನೋಡಬಾರದು. ಇವೆಲ್ಲ ಕೇಳಲೇಬೇಕಾದ ಮಾತುಗಳು. ಕೊನೆಯದು ಅಸಾಧ್ಯವೇನೂ ಅಲ್ಲ. ನ್ಯೂಜಿಲೆಂಡಿನಲ್ಲಿ ಕಾರಿನ ಮೀಟರಿನ ಅಂಕಿ ಸಾಕು. ಬ್ರಿಟನ್ನಿನಲ್ಲೂ ವರ್ಷದ ಅಂದಾಜು ಕೊಟ್ಟು, ಆಮೇಲೆ ಮೀಟರ್ ನೋಡಿ ಸರಿಪಡಿಸುವ ಯೋಚನೆ ಇದೆ. ಪ್ರಶ್ನಿಸಿ ಗೆದ್ದವರೂ ಇದ್ದಾರೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2021ರಲ್ಲಿ ಇಂಥದ್ದೊಂದು ಶುಲ್ಕ ತಂದಾಗ, ನಿಮ್ಮಂಥ ಇಬ್ಬರು ಕಾರು ಮಾಲೀಕರು ನ್ಯಾಯಾಲಯಕ್ಕೆ ಹೋದರು. 2023ರ ಅಕ್ಟೋಬರ್‌ನಲ್ಲಿ ಅಲ್ಲಿಯ ಅತ್ಯುನ್ನತ ನ್ಯಾಯಾಲಯ, ಅಂಥ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕೆ ಇಲ್ಲ ಎಂದು ಅದನ್ನು ರದ್ದು ಮಾಡಿತು.

ಅಷ್ಟು ದೂರ ಹೋಗುವುದೂ ಬೇಡ. ಸುರತ್ಕಲ್ ಟೋಲ್‌ಗೇಟಿನ ಉದಾಹರಣೆ ಕಣ್ಣೆದುರೇ ಇದೆ. ವರ್ಷಗಟ್ಟಲೆ ಜನ ಪ್ರಶ್ನೆ ಕೇಳಿದರು, ಧರಣಿ ಕೂತರು, ಮೊಕದ್ದಮೆ ಎದುರಿಸಿದರು. 2022ರ ಡಿಸೆಂಬರ್ ಒಂದರಿಂದ ಅಲ್ಲಿ ವಸೂಲಿ ನಿಂತಿತು. ಆ ಹೊರೆಯನ್ನು ಹೆಜಮಾಡಿಗೆ ಸೇರಿಸಿದ್ದಕ್ಕೆ ಮತ್ತೆ ತಕರಾರು ಎದ್ದಿತು, ಅದೂ ನಿಜ. ಪೂರ್ತಿ ಗೆಲುವು ಸಿಗಲಿಲ್ಲ, ಆದರೆ ಕೇಳಿದವರ ಮಾತು ನಡೆಯಿತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಿಮ್ಮ ಭಯದಲ್ಲಿ ಒಂದು ಒಂಟಿತನ ಇದೆ. ಯಾರೋ ಎಲ್ಲೋ ತೀರ್ಮಾನಿಸುತ್ತಾರೆ, ನಾನೊಬ್ಬಳು ಕೂತು ಅನುಭವಿಸಬೇಕು ಎಂಬಂತೆ ಬರೆದಿದ್ದೀರಿ. ಹಾಗಿಲ್ಲ. ರಾಜ್ಯ ಸರಕಾರ ಕಿಲೋಮೀಟರ್ ಲೆಕ್ಕದ ತೆರಿಗೆ ತರುವುದಾದರೆ ಅದರ ಕಾಯ್ದೆ ವಿಧಾನಸಭೆಗೆ ಬರಬೇಕು, ಆಗ ನಿಮ್ಮ ಶಾಸಕರಿಗೆ ಒಂದು ಪತ್ರ ಬರೆಯಬಹುದು. ನೀವು ಚೆನ್ನಾಗಿ ಬರೆಯುತ್ತೀರಿ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ.

ಪತ್ರದಲ್ಲಿ ಕಾರಿನ ಬೆಲೆಯನ್ನು ನೀವು ಬರೆದಿಲ್ಲ, ಸಾಲದ ಕಂತನ್ನೂ ಬರೆದಿಲ್ಲ. ಬರೆದದ್ದು ಮೊಣಕಾಲಿನ ಬಗ್ಗೆ, ದೇವಸ್ಥಾನದ ಏರಿನ ಬಗ್ಗೆ, "ಒಬ್ಬಳೇ ಹೊರಡುತ್ತಿದ್ದೆ" ಎಂಬುದರ ಬಗ್ಗೆ. ಈ ಕಾರಿನಿಂದ ನಿಮಗೆ ಸಿಕ್ಕಿದ್ದು ಅದು. ಯಾರನ್ನೂ ಕೇಳದೆ, ಯಾರ ಬಿಡುವಿಗೂ ಕಾಯದೆ, ಚಪ್ಪಲಿ ಮೆಟ್ಟಿ ಕೀ ತೆಗೆದುಕೊಂಡು ಹೊರಡುವುದು. ಮೂವತ್ತು ವರ್ಷ ದುಡಿದು ಮನೆಗೆ ಸಂಬಳ ತಂದ ಹೆಣ್ಣುಮಕ್ಕಳಿಗೂ ಇದು ಎಷ್ಟೋ ಸಲ ಅರವತ್ತು ದಾಟಿದ ಮೇಲೆ ಸಿಗುತ್ತದೆ. ಸಿಕ್ಕಿದ ಮೇಲೆ, ಇದು ನನಗೆ ಹೆಚ್ಚಾಯಿತೇನೋ ಎಂಬ ಅಳುಕು ಒಳಗೊಳಗೇ ಇರುತ್ತದೆ. ನನ್ನ ಬಳಿ ಬಂದು ಕೂರುವ ನಿವೃತ್ತ ಮಹಿಳೆಯರಲ್ಲಿ ನಾನು ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ತಮಗಾಗಿ ಮಾಡಿದ ಖರ್ಚಿಗೆ ತಾವೇ ಪುರಾವೆ ಒದಗಿಸಲು ಹೊರಡುತ್ತಾರೆ. ನಿಮ್ಮ ಪುಸ್ತಕ ಹಾಗಿದೆ. ಸರಕಾರ ಕೇಳುವ ಮೊದಲೇ, ಕೇಳುತ್ತದೋ ಇಲ್ಲವೋ ತಿಳಿಯುವ ಮೊದಲೇ, ನಿಮ್ಮ ತಲೆಯೊಳಗೆ ಆಟೋದ ಮೀಟರ್ ಹಾಕಿಕೊಂಡಿದ್ದೀರಿ. ಗಾಡಿ ನಿಂತಿದ್ದರೂ ಅದು ಓಡುತ್ತಿದೆ, ರಾತ್ರಿ ಎರಡು ಗಂಟೆಗೂ.

ಅದರ ಬಾಡಿಗೆಯನ್ನು ಈಗ ಕೊಡುತ್ತಿರುವವರು ನಿಮ್ಮ ಅಕ್ಕ. ಇಷ್ಟು ನೇರವಾಗಿ ಹೇಳಿದ್ದಕ್ಕೆ ಬೇಸರಿಸಬೇಡಿ. ಕದ್ರಿಯಿಂದ ಪುತ್ತೂರಿಗೆ ಐವತ್ತು ಕಿಲೋಮೀಟರ್ ಆಸುಪಾಸು, ಹೋಗಿ ಬಂದರೆ ನೂರು. ಬ್ರಿಟನ್ನಿನ ದರವನ್ನೇ ತಂದು ಇಲ್ಲಿ ಹಾಕಿದರೂ ಒಂದು ಸಲದ ಭೇಟಿಗೆ ಇನ್ನೂರು ಇನ್ನೂರಿಪ್ಪತ್ತು ರೂಪಾಯಿ. ಒಬ್ಬರೇ ಇರುವ ಅಕ್ಕನನ್ನು ನೋಡಿ ಬರಲು ಆ ಹಣವನ್ನು ನೀವು ಕೊಡುವುದಿಲ್ಲವೇ? ಖಂಡಿತ ಕೊಡುತ್ತೀರಿ. ಇನ್ನೂ ಬಾರದ ಇನ್ನೂರು ರೂಪಾಯಿಗೆ ಹೆದರಿ ದೀಪಾವಳಿಯಿಂದ ಹೋಗಿಲ್ಲ ಎಂದಾದರೆ, ತಡೆಯುತ್ತಿರುವುದು ಹಣವಲ್ಲ.

ಹಾಗಾದರೆ ಏನು ಮಾಡಬಹುದು ಎಂದರೆ, ನನಗೆ ತೋಚಿದಷ್ಟು ಹೇಳುತ್ತೇನೆ. ಎಲ್ಲವನ್ನೂ ಈ ವಾರವೇ ಮಾಡಬೇಕೆಂದಿಲ್ಲ.

ಮೊದಲು ಆ ಪುಸ್ತಕ. ಎಸೆಯಿರಿ ಎನ್ನುವುದಿಲ್ಲ. ಲೆಕ್ಕ ಇಡುವುದು ನಿಮ್ಮ ಸ್ವಭಾವ, ಒಮ್ಮೆಲೇ ಬಿಡಿಸಿದರೆ ಕೈ ಕಟ್ಟಿದಂತಾಗುತ್ತದೆ. ತಿಂಗಳಿಗೆ ಒಂದೇ ದಿನ, ಮೆಸ್ಕಾಂನ ಕರೆಂಟ್ ಬಿಲ್ಲು ಬಂದ ದಿನ, ಕಾರಿನ ಮೀಟರಿನ ಅಂಕಿ ಬರೆಯಿರಿ. ಉಳಿದ ದಿನ ಕಾರು ಹತ್ತುವಾಗ ಆ ಅಂಕಿಯನ್ನು ನೋಡಬೇಡಿ. ಮೊದಲ ವಾರ ಕಷ್ಟವಾಗುತ್ತದೆ. ಕಣ್ಣು ತಾನಾಗಿ ಅತ್ತ ಹೋಗುತ್ತದೆ, ಹೋದರೆ ಹೋಗಲಿ, ಬರೆಯದಿದ್ದರೆ ಸಾಕು.

ಆ ದಿನವೇ ಕೂತು ಒಂದು ಹಾಳೆಯಲ್ಲಿ ಪೂರ್ತಿ ಲೆಕ್ಕ ಮಾಡಿ. ಭಯ ಯಾವಾಗಲೂ ಅರ್ಧ ಲೆಕ್ಕ ತೋರಿಸುತ್ತದೆ. ನಾನು ಒಂದು ಅಂದಾಜು ಕೊಡುತ್ತೇನೆ, ನಿಮ್ಮ ಅಂಕಿ ಹಾಕಿ ತಿದ್ದಿಕೊಳ್ಳಿ. ತಿಂಗಳಿಗೆ 500 ಕಿಲೋಮೀಟರ್ ಓಡಿಸುತ್ತೀರಿ ಎಂದಿಟ್ಟುಕೊಳ್ಳೋಣ. ಪೆಟ್ರೋಲ್ ಕಾರಾದರೆ 33 ಲೀಟರ್, ಅಂದರೆ 3,400 ರೂಪಾಯಿಯ ಹತ್ತಿರ. ನಿಮ್ಮ ಕಾರಿಗೆ ಸುಮಾರು 80 ಯೂನಿಟ್ ಕರೆಂಟು. ಯೂನಿಟ್ಟಿಗೆ ಆರು ರೂಪಾಯಿ ಆಸುಪಾಸು ಎಂದರೆ ಐನೂರಕ್ಕೆ ಮುಟ್ಟುವುದಿಲ್ಲ. ಇಲ್ಲಿ ನಿಮ್ಮ ಮನೆಯವರ ಮಾತನ್ನೂ ಹಾಳೆಗೆ ಬರೆಯಬೇಕು: ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಬೀಳುತ್ತದೆ. ಮನೆಯದೂ ಕಾರಿನದೂ ಸೇರಿ, ನಿಗದಿತ ಶುಲ್ಕ, ತೆರಿಗೆ ಎಲ್ಲ ಕೂಡಿ 1,700, 1,800 ಬಂತೆನ್ನಿ. ಆಗಲೂ ಪೆಟ್ರೋಲಿಗಿಂತ 1,600 ರೂಪಾಯಿ ಉಳಿಯಿತು. ನಾಳೆ ಕಿಲೋಮೀಟರಿಗೆ ಒಂದು ರೂಪಾಯಿ ಶುಲ್ಕ ಬಂದರೆ ಉಳಿತಾಯ 1,100. ಎರಡು ರೂಪಾಯಿ ಬಂದರೆ 600. ಮೂರು ಬಂದರೆ ಉಳಿತಾಯ ಹೆಚ್ಚುಕಡಿಮೆ ಹೋಯಿತು, ಪೆಟ್ರೋಲ್ ಕಾರಿನವರ ಸಮಕ್ಕೆ ಬಂದಿರಿ. ಕೆಟ್ಟ ಸುದ್ದಿಯ ಕೊನೆ ಇಲ್ಲಿದೆ, ಇದರಿಂದಾಚೆಗೆ ನಿಮ್ಮ ಭಯ ಹೋಗಬೇಕಾಗಿಲ್ಲ. ಕಾರು ಮಾರುವ ಮಾತು ಈ ಹಾಳೆಯಲ್ಲಿ ಎಲ್ಲಿಯೂ ಏಳುವುದಿಲ್ಲ. ನಿದ್ದೆಗೆಟ್ಟ ತಿಂಗಳಲ್ಲಿ ಅಷ್ಟು ದೊಡ್ಡ ತೀರ್ಮಾನ ತೆಗೆದುಕೊಳ್ಳಲೂ ಬೇಡಿ.

ಮೆಸ್ಕಾಂ ಕಚೇರಿಗೆ ಹೋಗಿ, ವಾಹನ ಚಾರ್ಜಿಂಗ್‌ಗೆ ಬೇರೆ ಮೀಟರ್ ತೆಗೆದುಕೊಂಡರೆ ಏನಾಗುತ್ತದೆ, ಠೇವಣಿ ಎಷ್ಟು, ಮನೆಯ ಬಳಕೆ ಗೃಹಜ್ಯೋತಿಯೊಳಗೆ ಉಳಿಯುತ್ತದೆಯೇ ಎಂದು ವಿಚಾರಿಸಿ. ಲಾಭವೋ ನಷ್ಟವೋ ಅವರೇ ಹೇಳುತ್ತಾರೆ. ಸಾಲದ ಕಂತು ಭಾರವಾಗುತ್ತಿದ್ದರೆ ಬ್ಯಾಂಕಿನವರ ಹತ್ತಿರ ಮಾತಾಡಿ. ನಿಮ್ಮ ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋದರೆ ಒಳ್ಳೆಯದು.

ಇನ್ನು ಅವರ ವಿಷಯ. "ಆಗಲೇ ಹೇಳಿದ್ದೆ" ಎಂಬ ಮಾತು ಚುಚ್ಚುತ್ತದೆ, ಒಪ್ಪುತ್ತೇನೆ. ಆದರೆ ಅವರು ನಿಮ್ಮನ್ನು ನೋಯಿಸಲೆಂದೇ ಹೇಳಿದರು ಎಂದು ನನಗೆ ಅನಿಸುವುದಿಲ್ಲ. ತಿಂಗಳ ಸಂಬಳ ನಿಂತ ಮನೆಯಲ್ಲಿ ಹೊಸ ಬಿಲ್ಲು ಎಂದರೆ ಗಂಡಸರಿಗೂ ಎದೆ ಧಸಕ್ಕೆನ್ನುತ್ತದೆ. ಭಯವಾಗಿದೆ ಎಂದು ಹೇಳುವ ಅಭ್ಯಾಸ ಆ ತಲೆಮಾರಿನವರಿಗೆ ಕಡಿಮೆ, ಅದು ಆಕ್ಷೇಪಣೆಯಾಗಿ ಹೊರಬರುತ್ತದೆ. ಇನ್ನೊಂದು ಮಾತನ್ನೂ ಯೋಚಿಸಿ. ಇಷ್ಟು ವರ್ಷ ಎಲ್ಲಿ ಹೋಗುವುದಿದ್ದರೂ ನಿಮ್ಮನ್ನು ಕರೆದುಕೊಂಡು ಹೋಗುತ್ತಿದ್ದವರು ಅವರು. ಈಗ ನೀವೇ ಹೊರಡುತ್ತೀರಿ. ಅವರಿಗೂ ಒಂದು ಕೆಲಸ ತಪ್ಪಿದಂತಾಗಿದೆಯೇನೋ.

ಹಾಳೆ ಸಿದ್ಧವಾದ ಮೇಲೆ, ಮಧ್ಯಾಹ್ನದ ಚಹಾ ಹೊತ್ತಿಗೆ, ಟಿವಿ ಆರಿಸಿ ಅವರ ಮುಂದಿಡಿ. ವಾದ ಗೆಲ್ಲಲು ಬೇಡ. "ನೀವು ಹೇಳಿದ್ದರಲ್ಲಿ ಕರೆಂಟ್ ಬಿಲ್ಲಿನದ್ದು ಸರಿ, ಅದನ್ನೂ ಬರೆದಿದ್ದೇನೆ. ಎಲ್ಲ ಸೇರಿಸಿದರೆ ಇಷ್ಟಾಗ್ತದೆ, ನೋಡಿ" ಎನ್ನಿ. ಅದಾದ ಮೇಲೆ, ಧೈರ್ಯವಿದ್ದರೆ, ಇನ್ನೊಂದು ವಾಕ್ಯ: "ಬೇಡಾಂತ ಹೇಳಿದ್ದೆ ಅಂತ ನೀವು ಅಂದಾಗ ನನಗೆ ಹೊರಗೆ ಹೋಗ್ಲಿಕ್ಕೇ ಮನಸ್ಸು ಬರುವುದಿಲ್ಲ." ಇದನ್ನು ಅವರು ತಿಳಿದಿರಲಿಕ್ಕಿಲ್ಲ. ನಿಮ್ಮ ಪುಸ್ತಕವನ್ನು ಅವರು ಉಳಿತಾಯದ ಲೆಕ್ಕ ಎಂದುಕೊಂಡಿರಬಹುದು. ಮೊದಲ ಸಲಕ್ಕೇ ಉತ್ತರ ಬರದಿದ್ದರೆ ಬಿಡಿ, ಮಾತು ಒಳಗೆ ಇಳಿಯಲು ಸಮಯ ಬೇಕು.

ಈ ಅಂಕಣ ಓದುವ ಗಂಡಂದಿರಿಗೂ ಮಕ್ಕಳಿಗೂ ಇಲ್ಲಿ ಒಂದು ವಿನಂತಿ. ವಯಸ್ಸಾದ ಮೇಲೆ ಒಬ್ಬರೇ ಹೊರಗೆ ಹೋಗಲು ಕಲಿತವರ ಮುಂದೆ ಖರ್ಚಿನ ಮಾತನ್ನು ತೂಗಿ ಆಡಿ. ನೀವು ಹೇಳುವುದು ಬಿಲ್ಲಿನ ಬಗ್ಗೆ, ಅವರಿಗೆ ಕೇಳಿಸುವುದು ಮನೆಯಲ್ಲೇ ಇರು ಎಂದು. ವಿದೇಶದಿಂದ ಸುದ್ದಿ ಹೇಳುವ ಮಕ್ಕಳು ಅದರ ಜೊತೆ "ಇದು ಇಲ್ಲಿಯದು, ಅಲ್ಲಿ ಇನ್ನೂ ಬಂದಿಲ್ಲ" ಎಂಬ ಒಂದು ವಾಕ್ಯವನ್ನೂ ಸೇರಿಸಿದರೆ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತದೆ. ಟೀಚರೇ, ನಿಮ್ಮ ಮಗನಿಗೆ ಫೋನ್ ಮಾಡಿದಾಗ ನೀವೇ ಕೇಳಿ: ನಿನ್ನ ಬಳಿ ಎಲೆಕ್ಟ್ರಿಕ್ ಕಾರಿದ್ದರೆ ವರ್ಷಕ್ಕೆ ಎಷ್ಟು ಬೀಳುತ್ತದೆ, ಅದಕ್ಕಾಗಿ ನೀನು ಕಾರು ಮಾರುತ್ತೀಯಾ ಎಂದು. ಅವರು ಕೊಡುವ ಉತ್ತರವನ್ನು ನಿಮ್ಮ ಮನೆಯವರೂ ಕೇಳಿಸಿಕೊಳ್ಳಲಿ.

ಪುತ್ತೂರಿಗೆ ಮಾತ್ರ ತಡಮಾಡಬೇಡಿ. ಇವತ್ತೇ ಅಕ್ಕನಿಗೆ ಫೋನ್ ಮಾಡಿ ದಿನ ಹೇಳಿಬಿಡಿ, ಆಗ ನೆಪಕ್ಕೆ ಜಾಗವಿರುವುದಿಲ್ಲ. ಇಷ್ಟು ದಿನ ಯಾಕೆ ಬರಲಿಲ್ಲ ಎಂಬುದನ್ನೂ ಮುಚ್ಚಿಡಬೇಡಿ. ಹಿರಿಯ ಅಕ್ಕನಿಗೆ ನಿಜ ಹೇಳಿದರೆ ನೀವು ಚಿಕ್ಕವರಾಗುವುದಿಲ್ಲ. ತಂಗಿ ನನ್ನನ್ನು ಮರೆತಳು ಎಂದು ಅವರು ಒಳಗೇ ಕೊರಗುತ್ತಿದ್ದರೆ ಅದೂ ನಿಲ್ಲುತ್ತದೆ. ಕಾರಿನಲ್ಲೇ ಹೋಗಿ. ಮೊದಲ ಸಲ ಕೈ ನಡುಗುತ್ತದೆ ಎನಿಸಿದರೆ ಕಲ್ಲಡ್ಕದಲ್ಲಿ ನಿಲ್ಲಿಸಿ, ಒಂದು ಕೆ.ಟಿ. ಚಹಾ ಕುಡಿದು ಮುಂದೆ ಹೋದರಾಯಿತು. ಕಾರು ತೆಗೆಯಲು ಮನಸ್ಸೇ ಬಾರದ ದಿನ ಬಿಜೈ ಬಸ್ ನಿಲ್ದಾಣ ನಿಮ್ಮ ಮನೆಯಿಂದ ದೂರವಿಲ್ಲ. ಅಲ್ಲಿಂದ ಪುತ್ತೂರಿಗೆ ಕೆಎಸ್‌ಆರ್‌ಟಿಸಿ ಬಸ್ಸುಗಳಿವೆ, 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ಟಿನ ಹಣವಿಲ್ಲ. ಯಾವುದರಲ್ಲಾದರೂ ಸರಿ, ಹೋಗುವುದು ಮುಖ್ಯ.

ಕೊನೆಗೆ ನಿದ್ದೆಯ ಮಾತು. ರಾತ್ರಿ ಎದ್ದಾಗ ಮೊಬೈಲಿನಲ್ಲಿ ಸುದ್ದಿ ಹುಡುಕಬೇಡಿ, ಆ ಹೊತ್ತಿಗೆ ಯಾವ ಸುದ್ದಿಯೂ ತನ್ನ ಗಾತ್ರದಲ್ಲಿ ಕಾಣುವುದಿಲ್ಲ. ಎದ್ದು ಸ್ವಲ್ಪ ನೀರು ಕುಡಿದು, ನಾಳೆ ಮಾಡಬೇಕಾದ ಒಂದೇ ಒಂದು ಕೆಲಸವನ್ನು ಚೀಟಿಯಲ್ಲಿ ಬರೆದಿಟ್ಟು ಮಲಗಿ. ಇಷ್ಟೆಲ್ಲ ಮಾಡಿಯೂ ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲ ಅನಿಸಿದರೆ, ಅದು ಕಾರಿನ ಲೆಕ್ಕವನ್ನು ದಾಟಿದ ವಿಷಯ. ನಿವೃತ್ತಿಯ ನಂತರದ ವರ್ಷಗಳಲ್ಲಿ ಹೀಗಾಗುವುದು ಅಪರೂಪವಲ್ಲ, ವಾಸಿಯಾಗದ್ದೂ ಅಲ್ಲ. ನಿಮ್ಮ ವೈದ್ಯರಿಗೆ ಹೇಳಿ, ಅಥವಾ ವೆನ್ಲಾಕ್ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಹೊರಗೆ ಹೋಗಲು ಹಿಂಜರಿಕೆಯಾದರೆ ಸರಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತೆರಿಗೆಯ ಚಿಂತೆಗೆಲ್ಲ ಅಲ್ಲಿಗೆ ಫೋನ್ ಮಾಡುವುದಾ ಎಂದು ಅಳುಕಬೇಡಿ. ನಿದ್ದೆ ಬರುತ್ತಿಲ್ಲ ಎಂದು ಹೇಳಿದರೆ ಸಾಕು, ಉಳಿದದ್ದನ್ನು ಅವರೇ ಕೇಳಿಕೊಳ್ಳುತ್ತಾರೆ.